ಮನೆಯೊಳಗೆ ಖಾರದ ಮೆಣಸಿನಕಾಯಿ: ಗ್ರೋ ಲೈಟ್ ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಮನೆಯೊಳಗೆ ಮೆಣಸಿನ ಗಿಡ ಬೆಳೆಸಲು ಹೊರಟವರು ಮೊದಲು ಕೇಳುವುದು, "ಎಷ್ಟು ವ್ಯಾಟ್ ಲೈಟ್ ತಗೊಳ್ಳಲಿ?" ಅದಕ್ಕೆ ಉತ್ತರ ಸಿಗಬೇಕಾದರೆ ಇನ್ನೆರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು. ಗಿಡ ಸಸಿಯಾಗುವ ತನಕ ಮಾತ್ರ ಒಳಗಿರುತ್ತದೋ, ಇಲ್ಲ ಹೂ ಬಿಟ್ಟು ಕಾಯಿ ಹಣ್ಣಾಗುವವರೆಗೂ ಒಳಗೇ ಇರಬೇಕೋ? ಗಿಡ ಇಡುವ ಜಾಗದ ಉದ್ದ ಅಗಲ ಎಷ್ಟು? ಟೇಪು ಹಿಡಿದು ಅಳೆದು ಈ ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಲೈಟಿನ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ. ಉಳಿದದ್ದು ಗುಣಾಕಾರ, ಭಾಗಾಕಾರ.

ಬೆಂಗಳೂರಿನಲ್ಲಿ ದಕ್ಷಿಣಕ್ಕೋ ಪೂರ್ವಕ್ಕೋ ತೆರೆದ ಬಾಲ್ಕನಿ ಇದ್ದರೆ ಲೈಟಿಗೆ ದುಡ್ಡು ಹಾಕುವುದು ಬೇಡ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗದ ಮುಂದೆ ಯಾವ ಲೈಟೂ ನಿಲ್ಲುವುದಿಲ್ಲ. ಲೈಟು ಬೇಕಾಗುವುದು ಎದುರಿಗೇ ಇನ್ನೊಂದು ಕಟ್ಟಡ ನಿಂತಿರುವ ಅಪಾರ್ಟ್‌ಮೆಂಟಿನವರಿಗೆ, ಉತ್ತರಕ್ಕೆ ಮುಖ ಮಾಡಿದ ಮನೆಯವರಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣದ ಮಲೆನಾಡಿನವರಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಲಂಡನ್, ಟೊರಾಂಟೊ, ಮಿನಿಯಾಪೊಲಿಸ್‌ನಂಥ ಊರುಗಳಲ್ಲಿದ್ದು ಫೆಬ್ರವರಿ, ಮಾರ್ಚ್‌ನಲ್ಲೇ ಬೀಜ ಹಾಕಬೇಕಾದ ನಮ್ಮವರಿಗೆ.

ಕಣ್ಣು ಹೇಳುವ ಸುಳ್ಳು

ಟ್ಯೂಬ್‌ಲೈಟ್ ಹಾಕಿದ ಹಾಲ್ ನಮ್ಮ ಕಣ್ಣಿಗೆ ಝಗಮಗ ಅನಿಸುತ್ತದೆ. ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದರೆ ಅಲ್ಲಿ ಇರುವುದು 200ರಿಂದ 300 ಲಕ್ಸ್. ನಡು ಮಧ್ಯಾಹ್ನದ ಬಯಲಿನ ಬಿಸಿಲು 1,00,000 ಲಕ್ಸ್ ದಾಟುತ್ತದೆ. ಕಿಟಕಿಯಿಂದ ಒಂದು ಮೀಟರ್ ಒಳಗೆ, ನೇರ ಬಿಸಿಲು ಬೀಳದ ಕಡೆ, ಸಾಮಾನ್ಯವಾಗಿ 1000ರಿಂದ 2000 ಲಕ್ಸ್ ಸಿಕ್ಕೀತು. ಕಣ್ಣು ಬೆಳಕಿಗೆ ತಾನೇ ಹೊಂದಿಕೊಂಡು ಈ ನೂರಾರು ಪಟ್ಟಿನ ವ್ಯತ್ಯಾಸವನ್ನು ನಮಗೆ ತಿಳಿಯದ ಹಾಗೆ ನುಂಗಿಬಿಡುತ್ತದೆ. ಎಲೆಗೆ ಆ ಅನುಕೂಲ ಇಲ್ಲ. ಕಿಟಕಿಯಲ್ಲಿಟ್ಟ ಸಸಿ ಗಾಜಿನ ಕಡೆಗೆ ಬಾಗಿ ಸಣಕಲಾಗಿ ಉದ್ದಕ್ಕೆ ಬೆಳೆಯುವುದು ಇದೇ ಕಾರಣಕ್ಕೆ.

ಗಿಡದ ಲೆಕ್ಕದಲ್ಲಿ ಬೆಳಕನ್ನು ಅಳೆಯುವುದು ಫೋಟಾನ್‌ಗಳ, ಅಂದರೆ ಬೆಳಕಿನ ಕಣಗಳ ಎಣಿಕೆಯಿಂದ. ಆ ಎಣಿಕೆಯ ಮಾನ ಮೋಲ್, ಅದರ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೋಮೋಲ್. ಮೂರು ಅಳತೆಗಳು ಗೊತ್ತಿದ್ದರೆ ಸಾಕು. ಲೈಟು ಸೆಕೆಂಡಿಗೆ ಒಟ್ಟು ಎಷ್ಟು ಮೈಕ್ರೋಮೋಲ್ ಬೆಳಕು ಉಗುಳುತ್ತದೆ ಎನ್ನುವುದು ಪಿಪಿಎಫ್. ಅದರಲ್ಲಿ ಎಲೆಯ ಮಟ್ಟದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಬೀಳುವುದೆಷ್ಟು ಎನ್ನುವುದು ಪಿಪಿಎಫ್‌ಡಿ. ಇಡೀ ದಿನದಲ್ಲಿ ಅಲ್ಲಿ ಬಿದ್ದ ಒಟ್ಟು ಬೆಳಕು ಡಿಎಲ್‌ಐ. ಪಿಪಿಎಫ್‌ಡಿಯನ್ನು ಲೈಟು ಉರಿಯುವ ಗಂಟೆಗಳಿಂದ ಗುಣಿಸಿ, ಬಂದದ್ದನ್ನು 0.0036ರಿಂದ ಗುಣಿಸಿದರೆ ಡಿಎಲ್‌ಐ ಸಿಗುತ್ತದೆ. 300 ಪಿಪಿಎಫ್‌ಡಿಯ ಲೈಟು ದಿನಕ್ಕೆ 16 ಗಂಟೆ ಉರಿದರೆ ಸುಮಾರು 17 ಮೋಲ್.

ಮೆಣಸಿನ ಗಿಡಕ್ಕೆ ಎಷ್ಟು ಬೇಕು? ಬೀಜದೆಲೆ ಬಿಚ್ಚಿದ ಮೊದಲ ವಾರ 100ರಿಂದ 150 ಪಿಪಿಎಫ್‌ಡಿ ಸಾಕು. ಎರಡು ಜೊತೆ ನಿಜವಾದ ಎಲೆ ಬಂದ ಮೇಲೆ 200ರಿಂದ 300. ಗಿಡ ಕವಲೊಡೆದು ಬೆಳೆಯುವಾಗ 300ರಿಂದ 500. ಹೂವು ಕಾಯಿ ಒಳಗೇ ಆಗಬೇಕೆಂದರೆ 500ರಿಂದ 700. ಡಿಎಲ್‌ಐ ಲೆಕ್ಕದಲ್ಲಿ ಸಸಿಗೆ 10ರಿಂದ 15, ಕಾಯಿ ಕಟ್ಟುವ ಗಿಡಕ್ಕೆ 20ರಿಂದ 30. ಬೆಂಗಳೂರಿನ ಮೋಡವಿಲ್ಲದ ಬಯಲಿನಲ್ಲಿ ಸೂರ್ಯ 30ಕ್ಕಿಂತ ಹೆಚ್ಚು ಮೋಲ್ ಪುಕ್ಕಟೆಯಾಗಿ ಕೊಡುತ್ತಾನೆ. ಸಸಿ ಮಾಡುವುದು ಅಗ್ಗ, ಒಳಗೇ ಕಾಯಿ ಬಿಡಿಸುವುದು ದುಬಾರಿ ಎನ್ನುವುದು ಈ ಅಂಕಿಗಳಲ್ಲೇ ಕಾಣುತ್ತದೆ. ಒಳಗೆ ಸಸಿ ಮಾಡಿ ಹೊರಗೆ ನೆಡುವ ದಾರಿ ಇದ್ದವರು ಅದನ್ನೇ ಹಿಡಿಯಬೇಕು ಎಂದು ಒತ್ತಿ ಹೇಳುತ್ತೇನೆ.

ಸಸಿಗೆ ಟ್ಯೂಬ್‌ಲೈಟೇ ಸಾಕು

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕಡಿಯ 20 ವ್ಯಾಟ್ ಎಲ್‌ಇಡಿ ಬ್ಯಾಟನ್ ತೆಗೆದುಕೊಳ್ಳಿ. ಡಬ್ಬಿಯ ಮೇಲೆ 2000 ಲೂಮೆನ್ ಎಂದಿರುತ್ತದೆ, ನಮ್ಮ ಕಣ್ಣಿನ ಲೆಕ್ಕದಲ್ಲಿ ಅದು ಕೊಡುವ ಒಟ್ಟು ಬೆಳಕು ಅದು. ಬಿಳಿ ಎಲ್‌ಇಡಿಯ ಲೂಮೆನ್ ಅನ್ನು 70ರಿಂದ ಭಾಗಿಸಿದರೆ ಸುಮಾರಾಗಿ ಪಿಪಿಎಫ್ ಬರುತ್ತದೆ. ಅಂದರೆ ಒಂದು ಬ್ಯಾಟನ್‌ಗೆ 28.5 ಮೈಕ್ರೋಮೋಲ್.

ಈಗ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ಕಬ್ಬಿಣದ ರ‍್ಯಾಕ್‌ನ ಒಂದು ಅಂತಸ್ತು. ಮೀಟರಿನಲ್ಲಿ 1.2 × 0.45, ಅಂದರೆ 0.54 ಚದರ ಮೀಟರ್. ನಾಲ್ಕು ಬ್ಯಾಟನ್ ಕಟ್ಟಿದರೆ ಒಟ್ಟು 114 ಮೈಕ್ರೋಮೋಲ್. ಅದರಲ್ಲಿ ಪಕ್ಕಕ್ಕೆ ಚೆಲ್ಲಿ ಹೋಗುವುದನ್ನು ಕಳೆದು ನೂರಕ್ಕೆ 70 ಪಾಲು ಎಲೆಗೆ ಸಿಗುತ್ತದೆಂದರೆ 80. ಅದನ್ನು 0.54ರಿಂದ ಭಾಗಿಸಿದರೆ 148 ಪಿಪಿಎಫ್‌ಡಿ. ಎಳೆ ಸಸಿಗೆ ಸರಿ, ತಿಂಗಳು ತುಂಬಿದ ಸಸಿಗೆ ಕಮ್ಮಿ. ಆರು ಬ್ಯಾಟನ್ ಕಟ್ಟಿದರೆ 220 ದಾಟುತ್ತದೆ. 16 ಗಂಟೆಗೆ ಡಿಎಲ್‌ಐ 13ರ ಹತ್ತಿರ, ಸಸಿಗೆ ಹೇಳಿ ಮಾಡಿಸಿದ್ದು. ಬ್ಯಾಟನ್ನಿನಿಂದ ಬ್ಯಾಟನ್ನಿಗೆ 7.5 ಸೆಂಟಿಮೀಟರ್ ಅಂತರವಿಟ್ಟು ಮೇಲಿನ ಹಲಗೆಯ ತಳಕ್ಕೆ ಕಟ್ಟಿ, ಎಲೆಯ ತುದಿಗೂ ಲೈಟಿಗೂ 8ರಿಂದ 10 ಸೆಂಟಿಮೀಟರ್ ಬಿಡಬೇಕು. ಇದಕ್ಕಿಂತ ಹತ್ತಿರ ತಂದರೆ ಬ್ಯಾಟನ್ನಿನ ನೇರ ಕೆಳಗೆ ಒಂದು ಬೆಳಕು, ಸಂದಿನಲ್ಲಿ ಇನ್ನೊಂದು ಬೆಳಕು ಆಗುತ್ತದೆ. ಒಂದಡಿ ದೂರ ಬಿಟ್ಟರಂತೂ ಹಾಕಿದ ಲೆಕ್ಕವೆಲ್ಲ ಗೋಡೆ ಪಾಲು.

ಸಸಿ ಬೆಳೆದಂತೆ ಅಂತರ ಹೊಂದಿಸಬೇಕಲ್ಲ, ಅದಕ್ಕೆ ಲೈಟು ಏರಿಸಿ ಇಳಿಸುವ ಕಷ್ಟ ಬೇಡ. ಟ್ರೇ ಕೆಳಗೆ ಇಟ್ಟಿಗೆಯನ್ನೋ ಹಳೇ ಪುಸ್ತಕದ ಕಟ್ಟನ್ನೋ ಇಟ್ಟು ಶುರು ಮಾಡಿ, ವಾರಕ್ಕೊಂದನ್ನು ತೆಗೆಯುತ್ತಾ ಹೋದರಾಯಿತು. ರ‍್ಯಾಕ್‌ನ ಮೂರೂ ಬದಿಗೆ ಬಿಳಿ ಫೋಮ್ ಬೋರ್ಡ್ ನಿಲ್ಲಿಸಿದರೆ ಅಂಚಿನ ಕುಂಡಗಳಿಗೆ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗಿಂತ ಚಪ್ಪಟೆ ಬಿಳಿ ಮೇಲ್ಮೈ ವಾಸಿ. ಸುಕ್ಕಾದ ಹಾಳೆ ಬೆಳಕನ್ನು ಅಡ್ಡಾದಿಡ್ಡಿ ಎರಚುತ್ತದೆ.

ಬ್ಯಾಟನ್‌ಗೆ ಒಂದು ಕುಂದಿದೆ, ಅದನ್ನೂ ಹೇಳಬೇಕು. ಆರು ಬ್ಯಾಟನ್ ಸೇರಿ 120 ವ್ಯಾಟ್ ಎಳೆದು ಕೊಡುವುದು 170 ಮೈಕ್ರೋಮೋಲ್, ಅಂದರೆ ವ್ಯಾಟಿಗೆ 1.4. ಚಪ್ಪಟೆ ಹಲಗೆಯ ಮೇಲೆ ಒಳ್ಳೆಯ ಡಯೋಡ್‌ಗಳನ್ನು, ಅಂದರೆ ಚಿಕ್ಕ ಚಿಕ್ಕ ಎಲ್‌ಇಡಿಗಳನ್ನು, ಜೋಡಿಸಿದ ಬೋರ್ಡ್ ಮಾದರಿಯ ಗ್ರೋ ಲೈಟು ವ್ಯಾಟಿಗೆ 2.5 ಕೊಡುತ್ತದೆ, ಅಷ್ಟೇ ಬೆಳಕಿಗೆ ಅದಕ್ಕೆ 68 ವ್ಯಾಟ್ ಸಾಕು. ವ್ಯತ್ಯಾಸ ದಿನಕ್ಕೆ 0.8 ಯೂನಿಟ್, ತಿಂಗಳಿಗೆ 25. ವರ್ಷಕ್ಕೆ ಎರಡು ತಿಂಗಳು ಸಸಿ ಮಾಡುವವರಿಗೆ ಇದು ಲೆಕ್ಕಕ್ಕಿಲ್ಲ, ಇನ್ನೂರು ಮುನ್ನೂರು ರೂಪಾಯಿಯ ಬ್ಯಾಟನ್ನೇ ಲಾಭ. ವರ್ಷವಿಡೀ ಉರಿಸುವವರು ಬೋರ್ಡ್ ಕೊಳ್ಳಬೇಕು.

ಕಾಯಿ ಬಿಡಿಸಲು ಬೋರ್ಡ್

ಎರಡಡಿಗೆ ಎರಡಡಿ ಜಾಗ ಎಂದುಕೊಳ್ಳಿ, 0.36 ಚದರ ಮೀಟರ್. 100 ವ್ಯಾಟಿನ ಬೋರ್ಡ್, ವ್ಯಾಟಿಗೆ 2.5ರಂತೆ 250 ಮೈಕ್ರೋಮೋಲ್. ನಾಲ್ಕೂ ಬದಿಗೆ ಬೆಳಕು ವಾಪಸು ಎಸೆಯುವ ಗೋಡೆ ಇರುವ ಗ್ರೋ ಟೆಂಟಿನೊಳಗೆ ನೂರಕ್ಕೆ 80 ಎಲೆಗೆ ಸಿಗುತ್ತದೆ, ಅಂದರೆ 200. ಭಾಗಿಸಿದರೆ 555 ಪಿಪಿಎಫ್‌ಡಿ. 14 ಗಂಟೆ ಉರಿಸಿದರೆ 28 ಮೋಲ್. ಒಂದು ದೊಡ್ಡ ಗಿಡಕ್ಕೋ ಎರಡು ಚಿಕ್ಕ ಗಿಡಕ್ಕೋ ಇದು ಸಾಕು. ಇದೇ ಬೋರ್ಡನ್ನು ಟೆಂಟ್ ಇಲ್ಲದೆ ತೆರೆದ ಕೋಣೆಯಲ್ಲಿ ತೂಗುಹಾಕಿದರೆ ಅರ್ಧದ ಹತ್ತಿರ ಬೆಳಕು ನೆಲಕ್ಕೂ ಗೋಡೆಗೂ ಹೋಗುತ್ತದೆ. ಬೇರೆ ಅಳತೆಯ ಜಾಗಕ್ಕೂ ಲೆಕ್ಕ ಇದೇ. ಜಾಗದ ಚದರ ಮೀಟರನ್ನು ಬೇಕಾದ ಪಿಪಿಎಫ್‌ಡಿಯಿಂದ ಗುಣಿಸಿ, 0.8ರಿಂದ ಭಾಗಿಸಿ, ಬಂದದ್ದನ್ನು 2.5ರಿಂದ ಭಾಗಿಸಿದರೆ ಕೊಳ್ಳಬೇಕಾದ ಲೈಟಿನ ವ್ಯಾಟ್.

ಆನ್‌ಲೈನಿನಲ್ಲಿ "1000 ವ್ಯಾಟ್" ಎಂದು ದೊಡ್ಡಕ್ಷರದಲ್ಲಿ ಬರೆದ ಲೈಟುಗಳು ಅಗ್ಗಕ್ಕೆ ಸಿಗುತ್ತವೆ. ಆ ಅಂಕಿ ಒಂದೋ ಹಳೇ ಸೋಡಿಯಂ ದೀಪಕ್ಕೆ ಹೋಲಿಸಿ ಹೇಳಿದ್ದು, ಇಲ್ಲ ಡಯೋಡ್‌ಗಳ ಸಂಖ್ಯೆಯನ್ನು ಒಂದೊಂದರ ಗರಿಷ್ಠ ಸಾಮರ್ಥ್ಯದಿಂದ ಗುಣಿಸಿದ್ದು. ಗೋಡೆಯ ಪ್ಲಗ್ಗಿನಿಂದ ಅದು ಎಳೆಯುವುದು 100 ವ್ಯಾಟೂ ಇರಲಾರದು. ವಿವರಗಳ ಪಟ್ಟಿಯಲ್ಲಿ ಕೆಳಗೆ ಎಲ್ಲೋ ಸಣ್ಣಕ್ಷರದಲ್ಲಿ ನಿಜವಾಗಿ ಎಳೆಯುವ ವಿದ್ಯುತ್ ಎಷ್ಟೆಂದು ಬರೆದಿರುತ್ತದೆ. ಅದನ್ನೇ ನೋಡಬೇಕು. ಪಿಪಿಎಫ್, ವ್ಯಾಟಿಗೆ ಎಷ್ಟು ಮೈಕ್ರೋಮೋಲ್, ಮತ್ತು ಇಂತಿಷ್ಟು ಎತ್ತರದಲ್ಲಿ ನಡುವೆ ಎಷ್ಟು, ಮೂಲೆಯಲ್ಲಿ ಎಷ್ಟು ಎಂದು ತೋರಿಸುವ ಪಿಪಿಎಫ್‌ಡಿ ನಕ್ಷೆ, ಈ ಮೂರೂ ಇಲ್ಲದ ಲೈಟನ್ನು ಎಷ್ಟು ರಿಯಾಯಿತಿ ಇದ್ದರೂ ಬಿಟ್ಟುಬಿಡಿ. ನಕ್ಷೆಯಲ್ಲೂ ನಡುವಿನ ಒಂದೇ ಅಂಕಿಗೆ ಮರುಳಾಗಬೇಡಿ. ನಡುವೆ 900 ಇದ್ದು ಮೂಲೆಯಲ್ಲಿ 200 ಇರುವುದಕ್ಕಿಂತ, ನಡುವೆ 600 ಮೂಲೆಯಲ್ಲಿ 400 ಇರುವುದು ಗಿಡಕ್ಕೆ ಒಳ್ಳೆಯದು.

ಡಯೋಡ್ ಹೆಸರು ಬರೆದಿದ್ದರೆ ಸ್ಯಾಮ್‌ಸಂಗ್ ಎಲ್‌ಎಂ301 ಸರಣಿ ನಂಬಬಹುದಾದದ್ದು. ಬೋರ್ಡಿಗೆ ತಕ್ಕಂತೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಮೊದಲು ಸಾಯುವುದು ಅದೇ. ನಮ್ಮಲ್ಲಿ ವೋಲ್ಟೇಜ್ ಏರಿಳಿತ, ಕರೆಂಟ್ ಹೋಗಿ ಬಂದಾಗಿನ ಜರ್ಕ್ ಇವನ್ನೆಲ್ಲ ತಾಳಬೇಕಾದ್ದರಿಂದ ಸರ್ಜ್ ರಕ್ಷಣೆ ಇರುವ, ಲೋಹದ ಕವಚದ, ಬೋರ್ಡಿನಿಂದ ಬಿಡಿಸಿ ಹೊರಗಿಡಬಹುದಾದ ಡ್ರೈವರ್ ಇರಲಿ. ಮೀನ್‌ವೆಲ್‌ನಂಥ ಕಂಪನಿಗಳ ಡ್ರೈವರ್ ಬಿಡಿಯಾಗಿಯೂ ಸಿಗುತ್ತವೆ, ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು. ಬೆಳಕು ತಗ್ಗಿಸುವ ಗುಂಡಿ ಇದ್ದೇ ಇರಬೇಕು. ಅದಿದ್ದರೆ ಒಂದೇ ಬೋರ್ಡ್ ಬೀಜದೆಲೆಗೂ ಕಾಯಿಗೂ ಆಗುತ್ತದೆ. ಊರಿನಿಂದ ಬೋರ್ಡ್ ಒಯ್ಯುವ ಅಮೆರಿಕ, ಕೆನಡಾದವರು ಡ್ರೈವರ್ ಮೇಲೆ 100ರಿಂದ 277 ವೋಲ್ಟ್ ಎಂದಿದೆಯೇ ನೋಡಿಕೊಳ್ಳಬೇಕು. 220-240 ಎಂದಷ್ಟೇ ಇದ್ದರೆ ಅಲ್ಲಿನ 120 ವೋಲ್ಟಿಗೆ ಅದು ಕೆಲಸ ಮಾಡುವುದಿಲ್ಲ.

ಬಣ್ಣದ ಮಾತು ಬೇಗ ಮುಗಿಸಬಹುದು. ನೇರಳೆ ಬಣ್ಣದ, ಬರೀ ಕೆಂಪು ನೀಲಿ ಡಯೋಡ್ ಇರುವ ಲೈಟು ಬೇಡ. ಗಿಡ ಹಸಿರು ಬೆಳಕನ್ನು ಬಳಸುವುದೇ ಇಲ್ಲ ಎನ್ನುವ ಮಾತು ಸರಿಯಲ್ಲ. 1970ರ ದಶಕದ ಆರಂಭದಲ್ಲಿ ಮೆಕ್ರೀ ಎಂಬ ವಿಜ್ಞಾನಿ ಹತ್ತಾರು ಬೆಳೆಗಳ ಎಲೆಗಳನ್ನು ಬಣ್ಣ ಬಣ್ಣದ ಬೆಳಕಿನಲ್ಲಿಟ್ಟು ಅಳೆದಾಗಲೇ ಹಸಿರೂ ಚೆನ್ನಾಗಿ ಕೆಲಸ ಮಾಡುತ್ತದೆಂದು ಕಂಡಿತ್ತು. ಹಸಿರು ಮೇಲಿನ ಎಲೆ ದಾಟಿ ಕೆಳಗಿನ ಎಲೆಗೂ ಇಳಿಯುತ್ತದೆ. ಇನ್ನೊಂದು ದೊಡ್ಡ ಕಾರಣ, ನೇರಳೆ ಬೆಳಕಿನಲ್ಲಿ ಎಲೆಯೆಲ್ಲ ಕಪ್ಪಾಗಿ ಕಾಣುತ್ತದೆ. ಹಳದಿಗಟ್ಟಿದ್ದು, ಚುಕ್ಕೆ ಬಿದ್ದದ್ದು, ಹೇನು ಹತ್ತಿದ್ದು ಒಂದೂ ಗೊತ್ತಾಗದು. ಬಿಳಿ ಲೈಟು ತೆಗೆದುಕೊಳ್ಳಿ. ಬಿಳಿಯ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಸಸಿಗೆ 5000ರಿಂದ 6500 ಕೆಲ್ವಿನ್, ಅದರಲ್ಲಿ ನೀಲಿ ಹೆಚ್ಚಿರುವುದರಿಂದ ಗಿಡ ಗಿಡ್ಡವಾಗಿ ಗಟ್ಟಿಯಾಗುತ್ತದೆ. ಕಾಯಿಗೆ 3000ರಿಂದ 4000, ಜೊತೆಗೆ 660 ನ್ಯಾನೋಮೀಟರಿನ ಕೆಂಪು ಇದ್ದರೆ ಚೆಂದ. ಒಂದೇ ಕೊಳ್ಳುವವರು 4000 ಕೊಂಡು ನಿಶ್ಚಿಂತೆಯಾಗಿರಿ. 730 ನ್ಯಾನೋಮೀಟರಿನ ದೂರಕೆಂಪು ಸಸಿಯನ್ನು ಉದ್ದಕ್ಕೆ ಎಳೆಯುತ್ತದೆ, ಯುವಿ ಬೇಕಿಲ್ಲ. ಖಾರ ಇರುವುದು ಮುಖ್ಯವಾಗಿ ತಳಿಯಲ್ಲಿ. ಯಾವ ಬಣ್ಣದ ಬೆಳಕು ಹಾಯಿಸಿದರೂ ಬ್ಯಾಡಗಿ ಬ್ಯಾಡಗಿಯೇ.

ಮನೆಯಲ್ಲೇ ಅಳೆಯುವುದು

ಅಸಲಿ ಪಿಪಿಎಫ್‌ಡಿ ಮೀಟರ್ ದುಬಾರಿ. ಸಾವಿರ ರೂಪಾಯಿ ಆಸುಪಾಸಿನ ಲಕ್ಸ್ ಮೀಟರ್ ಬಿಳಿ ಲೈಟಿಗೆ ಸಾಕು. ಓದಿದ ಲಕ್ಸನ್ನು 70ರಿಂದ ಭಾಗಿಸಿ. ಬಿಸಿಲಿಗಾದರೆ 54ರಿಂದ. 21,000 ಲಕ್ಸ್ ಬಿಳಿ ಎಲ್‌ಇಡಿ ಎಂದರೆ 300 ಪಿಪಿಎಫ್‌ಡಿ. ಕೆಂಪು ಡಯೋಡ್ ಬೆರೆತ ಬೋರ್ಡಿನಲ್ಲಿ ಲಕ್ಸ್ ಸ್ವಲ್ಪ ಕಮ್ಮಿ ತೋರಿಸುತ್ತದೆ, ನೇರಳೆ ಲೈಟಿನಲ್ಲಿ ಈ ಲೆಕ್ಕ ಪೂರ್ತಿ ತಪ್ಪುತ್ತದೆ. ಫೋನಿನಲ್ಲಿ ಫೋಟೋನ್ ಎಂಬ ಆ್ಯಪ್ ಇದೆ. ಮುಂದಿನ ಕ್ಯಾಮೆರಾದ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ ಅಳೆದರೆ ಅಂದಾಜಿಗೆ ಮೋಸವಿಲ್ಲ.

ಅಳೆಯುವುದು ಎಲೆಯ ತುದಿಯ ಎತ್ತರದಲ್ಲಿ, ಟ್ರೇಯ ನಡುವೆ ಒಂದು ಸಲ, ನಾಲ್ಕು ಮೂಲೆಯಲ್ಲಿ ನಾಲ್ಕು ಸಲ. ಐದರ ಸರಾಸರಿ ಬರೆದಿಟ್ಟುಕೊಳ್ಳಿ. ಮೂಲೆ ನಡುವಿನ ಅರ್ಧಕ್ಕಿಂತ ಕೆಳಗಿದ್ದರೆ ಲೈಟನ್ನು ಐದು ಸೆಂಟಿಮೀಟರ್ ಎತ್ತರಿಸಿ ಮತ್ತೆ ಅಳೆಯಿರಿ, ಇಲ್ಲವೇ ಎರಡು ದಿನಕ್ಕೊಮ್ಮೆ ಕುಂಡಗಳ ಜಾಗ ಬದಲಾಯಿಸಿ. 100 ವ್ಯಾಟಿನ ಬೋರ್ಡಿಗೆ ಸಾಮಾನ್ಯವಾಗಿ 30ರಿಂದ 45 ಸೆಂಟಿಮೀಟರ್ ಎತ್ತರ ಸರಿಹೋಗುತ್ತದೆ.

ದಿನಕ್ಕೆ 14ರಿಂದ 16 ಗಂಟೆ ಸಾಕು. 24 ಗಂಟೆಯೂ ಉರಿಸಿದರೆ ಎರಡು ಪಟ್ಟು ಬೆಳೆಯುತ್ತದೆಂದು ಆಸೆಪಟ್ಟವರ ಗಿಡದ ಎಲೆ ಹಳದಿಗಟ್ಟಿ ಸೊಟ್ಟಗಾಗುತ್ತದೆ. ಮೆಣಸಿಗೆ ಕತ್ತಲೂ ಬೇಕು. ಟೈಮರ್ ಕೊಳ್ಳುವಾಗ ಗಿರಗಿರ ತಿರುಗುವ ಅಗ್ಗದ ಮಾದರಿ ಬೇಡ. ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ವಾರದಲ್ಲಿ ನಾಲ್ಕು ಸಲ ಒಂದೊಂದು ಗಂಟೆ ಹೋದರೆ ಹಗಲು ರಾತ್ರಿ ನಾಲ್ಕು ಗಂಟೆ ಸರಿದುಬಿಡುತ್ತವೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಇಲ್ಲವೇ ಸ್ಮಾರ್ಟ್ ಪ್ಲಗ್ ವಾಸಿ. ಎರಡು ಮೂರು ಗಂಟೆ ಕರೆಂಟ್ ಹೋದರೆ ಗಿಡಕ್ಕೆ ಏನೂ ಆಗದು, ಇನ್ವರ್ಟರ್‌ಗೆ ಲೈಟು ಸಿಕ್ಕಿಸಿ ಬ್ಯಾಟರಿ ಬರಿದು ಮಾಡಬೇಡಿ.

ಬಿಲ್ಲಿನ ವಿಷಯ. 100 ವ್ಯಾಟ್ 16 ಗಂಟೆ ಉರಿದರೆ ದಿನಕ್ಕೆ 1.6 ಯೂನಿಟ್, ತಿಂಗಳಿಗೆ 48. ಯೂನಿಟ್ಟಿಗೆ 6 ರೂಪಾಯಿ ಎಂದುಕೊಂಡರೆ 288 ರೂಪಾಯಿ. ಕರ್ನಾಟಕದಲ್ಲಿ ಗೃಹಜ್ಯೋತಿ ಪಡೆಯುವವರು ಇದನ್ನು ಇನ್ನೊಂದು ರೀತಿಯಲ್ಲಿ ನೋಡಬೇಕು. ಮನೆಯ ಬಳಕೆ ಈಗಾಗಲೇ 160ರ ಹತ್ತಿರ ಇದ್ದರೆ ಈ 48 ಸೇರಿ 200 ದಾಟುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಅಂಥವರಿಗೆ ಸಸಿಯ ಎರಡು ತಿಂಗಳ ಲೈಟೇ ಮಿತಿ.

ಸಸಿ ಏನು ಹೇಳುತ್ತಿದೆ

ಮೀಟರ್ ಇಲ್ಲದಿದ್ದರೂ ಗಿಡ ನೋಡಿದರೆ ತಿಳಿಯುತ್ತದೆ. ಬೀಜ ಮೊಳೆಯಲು ಬೆಳಕು ಬೇಕಿಲ್ಲ, ಬೇಕಾದದ್ದು 26ರಿಂದ 28 ಡಿಗ್ರಿ ಬಿಸುಪು. ಬ್ಯಾಡಗಿ, ಜ್ವಾಲಾ, ಹಲಪೇನ್ಯೋ ಒಂದು ವಾರದಿಂದ ಹತ್ತು ದಿನಕ್ಕೆ ಮೊಳೆಯುತ್ತವೆ. ಹಬನೇರೊ, ಭೂತ್ ಜೊಲೋಕಿಯಾ, ಕೆರೊಲಿನಾ ರೀಪರ್ ಜಾತಿಯವಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಆದರೆ ಮಣ್ಣು ಸೀಳಿ ಬಾಗಿದ ಬಿಳಿ ಕೊಕ್ಕೆ ಕಂಡ ಕ್ಷಣದಿಂದ ಗಡಿಯಾರ ಶುರು. ಆ ದಿನವೇ ಮುಚ್ಚಳ ತೆಗೆದು ಲೈಟಿನ ಕೆಳಗೆ ತರಬೇಕು. ಕತ್ತಲಲ್ಲಿ ಒಂದು ರಾತ್ರಿ ಹೆಚ್ಚಿಗೆ ಬಿಟ್ಟರೂ ಕಾಂಡ ದಾರದಂತೆ ಎಳೆದುಕೊಳ್ಳುತ್ತದೆ, ಆಮೇಲೆ ಎಷ್ಟು ಬೆಳಕು ಕೊಟ್ಟರೂ ಆ ಭಾಗ ದಪ್ಪವಾಗುವುದು ನಿಧಾನ. ಎಳೆದುಕೊಂಡ ಸಸಿಯನ್ನು ಎಸೆಯಬೇಡಿ. ಕುಂಡ ಬದಲಿಸುವಾಗ ಬೀಜದೆಲೆಯವರೆಗೂ ಮಣ್ಣಿನಲ್ಲಿ ಹೂತರೆ ಚೇತರಿಸಿಕೊಳ್ಳುತ್ತದೆ.

ಗೆಣ್ಣಿನಿಂದ ಗೆಣ್ಣಿಗೆ ಅಂತರ ಜಾಸ್ತಿ, ಎಲೆ ತೆಳು, ತಿಳಿಹಸಿರು ಎಂದರೆ ಬೆಳಕು ಸಾಲದು. ಗೆಣ್ಣುಗಳು ಒತ್ತೊತ್ತಾಗಿ, ಎಲೆ ದಪ್ಪವಾಗಿ ಕಡುಹಸಿರಾಗಿದ್ದರೆ ಸರಿಯಾಗಿದೆ. ಕಾಂಡದ ಗೆಣ್ಣಿನಲ್ಲಿ ನೇರಳೆ ಬಣ್ಣ ಬಂದರೆ ಹೆದರಬೇಡಿ, ಒಳ್ಳೆಯ ಬೆಳಕಿನಲ್ಲಿ ಅದು ಸಹಜ. ಲೈಟಿಗೆ ಅತಿ ಹತ್ತಿರದ ಎಲೆಗಳಷ್ಟೇ ಬಿಳುಪೇರಿ ಕೆಳಗಿನವು ಹಸಿರಾಗಿದ್ದರೆ ಬೆಳಕು ವಿಪರೀತ. ಗುಂಡಿ ತಿರುಗಿಸಿ ಕಾಲು ಭಾಗ ತಗ್ಗಿಸಿ.

ಎಲೆ ಮುದುಡುವುದು ಒಂದೇ ಥರ ಕಂಡರೂ ಕಾರಣ ಬೇರೆ ಬೇರೆ, ಇಲ್ಲಿ ನಿಧಾನವಾಗಿ ನೋಡಬೇಕು. ಎಲೆಯ ಎರಡೂ ಅಂಚು ಮೇಲಕ್ಕೆದ್ದು ದೋಣಿಯಾಕಾರವಾಗಿ, ಬಣ್ಣ ಮಾತ್ರ ಚೆನ್ನಾಗಿದ್ದು, ಲೈಟು ಆರಿದ ಮೇಲೆ ಬೆಳಗಿನ ಹೊತ್ತಿಗೆ ಸ್ವಲ್ಪ ಬಿಚ್ಚಿಕೊಂಡರೆ ಅದು ಬೆಳಕಿನ ಇಲ್ಲವೇ ಬಿಸಿಯ ಒತ್ತಡ. ಮೇಲಕ್ಕೆ ಮುದುಡಿ, ತಳದಲ್ಲಿ ಬೆಳ್ಳಿ ಗೀರು ಬಿದ್ದಿದ್ದರೆ ಥ್ರಿಪ್ಸ್ ಕೀಟ. ಕುಡಿಯ ಎಳೆ ಎಲೆಗಳು ಕೆಳಮುಖವಾಗಿ ಮುದುಡಿ, ಕಿರಿದಾಗಿ, ಉರುಟಾಗಿ ತಳ ಕಂದು ಮಿರುಗುತ್ತಿದ್ದರೆ ಮೈಟ್ ನುಸಿ. ಹೊಲದಲ್ಲಿ ಮುಟುರು ರೋಗ ಎಂದು ಹೇಳುವುದರಲ್ಲಿ ಈ ಎರಡೂ ಸೇರಿಕೊಂಡಿರುತ್ತವೆ. ಬರಿಗಣ್ಣಿಗೆ ಮೈಟ್ ಕಾಣದು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಎಲೆಯ ತಳ ನೋಡಿ. ಲೈಟು ತಗ್ಗಿಸಿ ವಾರವಾದರೂ ಹೊಸ ಎಲೆ ಸೊಟ್ಟಗೇ ಬರುತ್ತಿದ್ದರೆ ತಪ್ಪು ಲೈಟಿನದ್ದಲ್ಲ. ಬೇವಿನೆಣ್ಣೆ ಸಿಂಪಡಿಸುವವರು ಲೈಟು ಆರಿದ ಮೇಲೆ ಸಿಂಪಡಿಸಿ, ಎಣ್ಣೆ ಹಚ್ಚಿದ ಎಲೆ ಬೋರ್ಡಿನ ಕೆಳಗೆ ಸುಡುತ್ತದೆ.

ಎಲೆಯ ತಳದಲ್ಲಿ ಸಕ್ಕರೆ ಹರಳಿನಂಥ ಕಣಗಳು ಕಂಡು ಕೀಟದ ಮೊಟ್ಟೆ ಎಂದು ಗಾಬರಿ ಬೀಳುವವರು ತುಂಬ ಜನ. ಎಲ್‌ಇಡಿ ಕೆಳಗೆ ಮೆಣಸಿನ ಗಿಡದಲ್ಲಿ ಇದು ಪದೇ ಪದೇ ಕಾಣುತ್ತದೆ. ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ, ಸಾಲಾಗಿ ಇರುವುದಿಲ್ಲ, ದಿನ ಕಳೆದರೂ ಒಡೆದು ಮರಿ ಬರುವುದಿಲ್ಲ. ಬೇರು ಕುಡಿದಷ್ಟು ನೀರನ್ನು ಎಲೆ ಆವಿ ಮಾಡಲಾಗದೆ ಇದ್ದಾಗ ಹೀಗಾಗುತ್ತದೆ. ಎಲ್‌ಇಡಿಯಲ್ಲಿ ಬಿಸಿಲಿನ ಕಾವಿಲ್ಲ, ಎಲೆ ತಂಪಾಗಿರುತ್ತದೆ, ಗಾಳಿ ನಿಂತಿದ್ದರೆ ಇನ್ನೂ ಹೆಚ್ಚು. ನೀರು ಕಮ್ಮಿ ಮಾಡಿ, ಚಿಕ್ಕ ಫ್ಯಾನ್ ಇಡಿ. ಎಲೆಗಳು ಮೆಲ್ಲಗೆ ಅಲುಗಾಡಿದರೆ ಸಾಕು, ಬಾಗಬಾರದು. ಇದೇ ಫ್ಯಾನ್ ಕಾಂಡವನ್ನು ಗಟ್ಟಿ ಮಾಡುತ್ತದೆ, ಬುಡ ಕರಗಿ ಬೀಳುವ ಸಸಿ ಕೊಳೆ ರೋಗವನ್ನೂ ದೂರವಿಡುತ್ತದೆ.

ಬೆಳಕು ಹೆಚ್ಚಿಸಿದ ಮೇಲೆ ಹಸಿವೂ ಹೆಚ್ಚುತ್ತದೆ. ಕೊಕೊಪೀಟ್‌ನಲ್ಲಿ ಬೆಳೆಸಿ ಆರ್‌ಒ ನೀರು ಹಾಕುವವರ ಗಿಡದಲ್ಲಿ ಹೊಸ ಎಲೆ ಸುಕ್ಕಾಗಿ ಬರುವುದು ಕ್ಯಾಲ್ಸಿಯಂ ಕೊರತೆ, ಹಳೇ ಎಲೆಯ ನರಗಳ ನಡುವೆ ಹಳದಿಯಾಗುವುದು ಮೆಗ್ನೀಷಿಯಂ ಕೊರತೆ. ಲೀಟರಿಗೆ ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಒಂದು ವಾರ, ಲೀಟರಿಗೆ ಅರ್ಧ ಗ್ರಾಂ ಎಪ್ಸಮ್ ಉಪ್ಪು ಇನ್ನೊಂದು ವಾರ. ಬೋರ್‌ವೆಲ್ಲಿನ ಗಡಸು ನೀರಿಗೆ ಮೊದಲನೆಯದರ ಅಗತ್ಯ ಅಷ್ಟಾಗಿ ಬೀಳದು.

ಬಿಸಿ ಮತ್ತು ಹೂ ಉದುರುವುದು

100 ವ್ಯಾಟಿನ ಲೈಟು ಎಳೆದ ವಿದ್ಯುತ್ತೆಲ್ಲ ಕೊನೆಗೆ ಕೋಣೆಯ ಬಿಸಿಯೇ. ಏಪ್ರಿಲ್‌ನಲ್ಲಿ ಕೋಣೆಯೇ 32 ಡಿಗ್ರಿ ಇರುವಾಗ ಮುಚ್ಚಿದ ಟೆಂಟಿನೊಳಗೆ 36 ಆಗುತ್ತದೆ, ಮೆಣಸಿನ ಹೂವು ತೊಟ್ಟಿನ ಸಮೇತ ಉದುರುತ್ತದೆ. ಹಗಲು 32 ದಾಟಬಾರದು, ರಾತ್ರಿ 24ಕ್ಕಿಂತ ಕೆಳಗಿರುವುದು ಒಳ್ಳೆಯದು. ಡ್ರೈವರನ್ನು ಟೆಂಟಿನ ಹೊರಗಿಡಿ, ಮೇಲಿನ ತೂತಿನಿಂದ ಗಾಳಿ ಹೊರಗೆಳೆಯುವ ಫ್ಯಾನ್ ಹಾಕಿ, ಬೇಸಿಗೆಯ ಎರಡು ತಿಂಗಳು ಲೈಟನ್ನು ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ ಉರಿಸಿ. ಮಧ್ಯಾಹ್ನದ ಕಾವಿಗೆ ಲೈಟಿನ ಕಾವು ಸೇರುವುದು ಇದರಿಂದ ತಪ್ಪುತ್ತದೆ.

ಒಳಗೆ ಜೇನುಹುಳ ಬರುವುದಿಲ್ಲ. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದರೆ ಪರಾಗ ಉದುರಲು ಅಲುಗಾಟ ಬೇಕು. ಲೈಟು ಹತ್ತಿದ ಎರಡು ಮೂರು ಗಂಟೆ ಬಿಟ್ಟು, ಹೂವಿನ ಹಿಂದಿನ ತೊಟ್ಟಿಗೆ ಬೆರಳಲ್ಲಿ ಚಿಟಿಕೆ ಹೊಡೆಯಿರಿ, ಇಲ್ಲವೇ ಎಲೆಕ್ಟ್ರಿಕ್ ಹಲ್ಲುಜ್ಜುವ ಬ್ರಷ್ಷಿನ ಹಿಂಬದಿಯನ್ನು ಒಂದು ಕ್ಷಣ ತಾಗಿಸಿ.

ತಳಿಯನ್ನೂ ಲೈಟಿಗೆ ತಕ್ಕಂತೆ ಆರಿಸಬೇಕು. ಭೂತ್ ಜೊಲೋಕಿಯಾ ಒಂದು ಮೀಟರ್ ದಾಟುವ ಪೊದೆ, ಎರಡಡಿ ಟೆಂಟಿಗೆ ತುರುಕಿದರೆ ಮೇಲಿನ ಎಲೆ ಬೋರ್ಡಿಗೆ ತಾಗಿ ಕೆಳಗಿನದಕ್ಕೆ ಬೆಳಕೇ ಇರದು. ಒಳಗೇ ಕಾಯಿ ಬೇಕಾದವರಿಗೆ ಅಪಾಚಿ, ಪ್ರೇರಿ ಫೈರ್‌ನಂಥ ಗಿಡ್ಡ ತಳಿ ಹೊಂದುತ್ತವೆ.

ಹೊರದೇಶದಲ್ಲಿ ಬ್ಯಾಡಗಿ

2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬ್ಯಾಡಗಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಅದನ್ನು ಹಿತ್ತಲಿನಲ್ಲಿ ಬೆಳೆಯುವ ಆಸೆ ಹೊರಗಿರುವ ನಮ್ಮವರಲ್ಲಿ ಬಹಳ ಜನಕ್ಕಿದೆ. ಬೀಜ ತರುವ ಮುಂಚೆ ಆ ದೇಶದ ಆಮದು ನಿಯಮ ನೋಡಿಕೊಳ್ಳಿ. ಅನುಮತಿ ಇಲ್ಲದೆ ಸೂಟ್‌ಕೇಸಿನಲ್ಲಿ ಬೀಜ ಒಯ್ಯುವುದು ಹಲವು ಕಡೆ ಅಪರಾಧ. ಅಂಗಡಿಯ ಒಣ ಮೆಣಸಿನಕಾಯಿಯ ಬೀಜ ಬಿಸಿಲಿನಲ್ಲಿ ಒಣಗಿದ್ದಾದರೆ ಮೊಳೆಯಬಹುದು, ಹಬೆ ಇಲ್ಲವೇ ವಿಕಿರಣ ಹಾಯಿಸಿದ್ದಾದರೆ ಮೊಳೆಯದು.

ಮಿನಿಯಾಪೊಲಿಸ್‌ನಲ್ಲಿ ಮೇ ಮಧ್ಯದವರೆಗೂ ಹಿಮ ಬೀಳುವ ಭಯ, ಗಿಡ ಹೊರಗೆ ಹೋಗುವುದು ಮೇ ಕೊನೆಗೆ. ಅಲ್ಲಿಂದ ಹಿಂದಕ್ಕೆ ಎಣಿಸಿ ಬ್ಯಾಡಗಿಗೆ ಎಂಟರಿಂದ ಹತ್ತು ವಾರ, ಹಬನೇರೊ ಜಾತಿಗೆ ಹತ್ತರಿಂದ ಹನ್ನೆರಡು ವಾರ. ಬೇಸ್‌ಮೆಂಟಿನಲ್ಲಿ ಇಡುವವರಿಗೆ ಲೈಟಿಗಿಂತ ದೊಡ್ಡ ತೊಂದರೆ ಚಳಿ. 16 ಡಿಗ್ರಿಯ ಮಣ್ಣಿನಲ್ಲಿ 300 ಪಿಪಿಎಫ್‌ಡಿ ಕೊಟ್ಟರೂ ಬೇರು ಏಳುವುದಿಲ್ಲ, ಎಲೆ ಹಳದಿಗೆ ತಿರುಗುತ್ತದೆ. ಟ್ರೇ ಕೆಳಗೆ ಹೀಟ್ ಮ್ಯಾಟ್ ಇಟ್ಟು ಮಣ್ಣನ್ನು 24 ಡಿಗ್ರಿಗೆ ತಂದ ಮೇಲೆಯೇ ಲೈಟು ಕೆಲಸ ಮಾಡುವುದು.

ಕೊನೆಗೆ ಸಸಿ ಹೊರಗೆ ಹೋಗುವ ದಿನ. 250 ಪಿಪಿಎಫ್‌ಡಿಯಲ್ಲಿ ಬೆಳೆದ ಎಲೆಗೆ ಹೊರಗಿನ ಬಿಸಿಲು ಏಳೆಂಟು ಪಟ್ಟು. ನೇರ ಬಯಲಿಗಿಟ್ಟರೆ ಮರುದಿನವೇ ಎಲೆಯ ಮೇಲೆ ಕಾಗದದಂಥ ಬಿಳಿ ತೇಪೆ ಬೀಳುತ್ತದೆ, ಆ ಎಲೆ ಮತ್ತೆ ಹಸಿರಾಗದು. ಕೊನೆಯ ವಾರ ಲೈಟನ್ನು 400ರ ಹತ್ತಿರಕ್ಕೆ ಏರಿಸಿ. ಆಮೇಲೆ ಎರಡು ದಿನ ಹೊರಗಿನ ನೆರಳು. ಮೂರನೇ ದಿನ ಬೆಳಗಿನ ಬಿಸಿಲು ಅರ್ಧ ಗಂಟೆ, ನಾಲ್ಕನೇ ದಿನ ಒಂದು ಗಂಟೆ, ಹೀಗೆ ಏರಿಸುತ್ತಾ ಹತ್ತನೇ ದಿನಕ್ಕೆ ಪೂರ್ತಿ ಬಿಸಿಲು. ರಾತ್ರಿ 12 ಡಿಗ್ರಿಗಿಂತ ಕೆಳಗಿಳಿಯುವ ದಿನ ಒಳಗೆ ತಂದಿಡಿ. ಹೊರಗೆ ಬಂದ ಮೇಲೆ ಬಿಡುವ ಹೊಸ ಎಲೆಗಳು ಬಿಸಿಲಿಗೇ ಹುಟ್ಟಿದವು, ಅವಕ್ಕೆ ಈ ಜೋಪಾನ ಬೇಕಿಲ್ಲ.